ಉಳಿತಾಯ ಬಜೆಟ್ಟಿನ ಊರಲ್ಲಿ ವಾಚನಾಲಯ ಮುಚ್ಚಲು ಹೊರಟಾಗ: ಒಂದು ಪ್ರಕರಣ

ಊರಿನ ಹೆಸರು ಬರೆಯುವುದಿಲ್ಲ. ಜಿಲ್ಲೆಯದ್ದೂ ಇಲ್ಲ. ಕರ್ನಾಟಕದ ಒಂದು ನಗರಸಭೆ ಅಂದುಕೊಳ್ಳಿ, ಸಾಕು. ಐವತ್ತು ಸಾವಿರಕ್ಕಿಂತ ಜಾಸ್ತಿ, ಮೂರು ಲಕ್ಷಕ್ಕಿಂತ ಕಡಿಮೆ ಜನ ಇರುವ ಊರು. ಅಂಥ ಊರುಗಳು ಬೇಕಾದಷ್ಟಿವೆ, ಇದು ಯಾವುದು ಅಂತ ಹುಡುಕುತ್ತಾ ಕೂರಬೇಡಿ. ನಗರಸಭೆಯ ಲೆಕ್ಕವನ್ನೂ ನಿಜವಾದ ಮೊತ್ತದಲ್ಲಿ ಕೊಟ್ಟಿಲ್ಲ, ನೂರು ರೂಪಾಯಿಗೆ ಇಳಿಸಿ ಬರೆದಿದ್ದೇನೆ. ಓದುವುದಕ್ಕೂ ಅದೇ ಸುಲಭ. ಕರದ ದರ, ನಿಯಮ ಮಾತ್ರ ಇದ್ದ ಹಾಗೇ ಇವೆ.

ನಾನು ಯಾರು ಅಂತ ಹೇಳಲೇಬೇಕು, ಯಾಕೆಂದರೆ ಕಥೆ ಕೊನೆಗೆ ನನ್ನ ಬುಡಕ್ಕೇ ಬರುತ್ತದೆ. ನಗರಸಭೆ ಕಚೇರಿ ಹತ್ತಿರ ಜೆರಾಕ್ಸ್ ಅಂಗಡಿ ಇಟ್ಟುಕೊಂಡಿದ್ದವನು ನಾನು. ಜೆರಾಕ್ಸ್, ಟೈಪಿಂಗ್, ಲ್ಯಾಮಿನೇಷನ್. ಏಪ್ರಿಲ್ ಬಂತೆಂದರೆ ಆಸ್ತಿ ತೆರಿಗೆ ಫಾರಂ ತುಂಬಿಕೊಡುವ ಕೆಲಸ. ನಮ್ಮಲ್ಲಿ ಮಾಲೀಕರೇ ತಮ್ಮ ತೆರಿಗೆ ಲೆಕ್ಕ ಹಾಕಿ ಘೋಷಿಸಿಕೊಂಡು ಕಟ್ಟುವ ಪದ್ಧತಿ. ಏಪ್ರಿಲ್ ಒಳಗೆ ಕಟ್ಟಿದರೆ ಶೇ 5 ರಿಯಾಯಿತಿ, ಹಾಗಾಗಿ ಆ ತಿಂಗಳು ಅಂಗಡಿ ಮುಂದೆ ಸಾಲು ಇರುತ್ತಿತ್ತು. ಅಂಗಡಿ ಇದ್ದದ್ದು ನಗರಸಭೆಯದೇ ಒಂದು ಮಳಿಗೆಯಲ್ಲಿ. ಇದನ್ನು ನೆನಪಿಟ್ಟುಕೊಳ್ಳಿ, ಆಮೇಲೆ ಬೇಕಾಗುತ್ತದೆ.

ಕಟ್ಟಡ ಮತ್ತು ಬಜೆಟ್

ಮಾರುಕಟ್ಟೆ ಹಿಂದೆ ನಗರಸಭೆಯ ಒಂದು ಹಳೇ ಕಟ್ಟಡ. ಒಂದು ಕಡೆ ಶಾಖಾ ಗ್ರಂಥಾಲಯದ ವಾಚನಾಲಯ, ಇನ್ನೊಂದು ಕಡೆ ಹೆಂಗಸರ ಶೌಚಾಲಯ. ವಾಚನಾಲಯದಲ್ಲಿ ಬೆಳಿಗ್ಗೆ ಪೇಪರ್ ಓದುವ ಹಿರಿಯರು, ಆಮೇಲೆ ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಹುಡುಗ ಹುಡುಗಿಯರು. ಹುಡುಗರು ಅಲ್ಲಿಗೆ ಬರುತ್ತಿದ್ದದ್ದು ಪುಸ್ತಕಕ್ಕಲ್ಲ. ಮನೆಯಲ್ಲಿ ಕೂತು ಓದಲು ಜಾಗ ಇರುವುದಿಲ್ಲ, ಅದಕ್ಕೆ. ತಮ್ಮ ಪುಸ್ತಕ ತಾವೇ ತಂದು, ತಿರುಗುವ ಒಂದೇ ಫ್ಯಾನಿನ ಕೆಳಗೆ ಬೆಂಚು ಎಳೆದುಕೊಂಡು ಕೂರುತ್ತಿದ್ದರು. ಶೌಚಾಲಯ ಮಾರುಕಟ್ಟೆಯಲ್ಲಿ ಹೂವು, ಸೊಪ್ಪು ಮಾರುವ ಹೆಂಗಸರಿಗೆ. ಇಡೀ ಮಾರುಕಟ್ಟೆಗೆ ಅದೊಂದೇ.

ಒಂದು ಜನವರಿಯಲ್ಲಿ ಬಜೆಟ್ ಕರಡಿನಲ್ಲಿ ಒಂದು ಸಾಲು ಕಾಣಿಸಿತು: ಆ ಕಟ್ಟಡ ಕೆಡವಿ ವಾಣಿಜ್ಯ ಮಳಿಗೆ ಕಟ್ಟುವುದು. ನಗರಸಭೆಗೆ ಸ್ವಂತ ಆದಾಯ ಬೇಕು, ಮಳಿಗೆ ಬಾಡಿಗೆ ಒಳ್ಳೆ ಆದಾಯ, ಕಟ್ಟಡ ಶಿಥಿಲ, ವಾಚನಾಲಯಕ್ಕೆ ಜನ ಬರುವುದು ಕಡಿಮೆಯಾಗಿದೆ. ಕಾರಣಗಳು ಇಷ್ಟೇ. ಶೌಚಾಲಯದ ವಿಷಯ ಯಾರೂ ಎತ್ತಲೇ ಇಲ್ಲ. ಅದರ ದುರಸ್ತಿಗೆ ಸಾಂಕೇತಿಕವಾಗಿ ಒಂದು ಚಿಕ್ಕ ಮೊತ್ತ ಬರೆದು ಮುಂದೆ ಹೋಗಿದ್ದರು.

ಇಷ್ಟಾದರೂ ಅದು ಉಳಿತಾಯ ಬಜೆಟ್. ಹಿಂದಿನ ವರ್ಷವೂ ಉಳಿತಾಯ, ಅದರ ಹಿಂದಿನ ವರ್ಷವೂ ಉಳಿತಾಯ. ನಗರಸಭೆ ಬಜೆಟ್ಟಿನ ಸುದ್ದಿ ಪೇಪರಿನಲ್ಲಿ ಬರುವುದೇ ಹಾಗೆ ಅಲ್ವಾ, 'ಇಷ್ಟು ಲಕ್ಷ ಉಳಿತಾಯ ಬಜೆಟ್ ಮಂಡನೆ' ಅಂತ. ಉಳಿತಾಯ ಇದ್ದರೆ ಶೌಚಾಲಯದ ಪಂಪು ರಿಪೇರಿಗೆ ಯಾಕೆ ದುಡ್ಡಿಲ್ಲ ಅಂತ ನನಗೂ ಅಲ್ಲಿಯ ತನಕ ಹೊಳೆದಿರಲಿಲ್ಲ. ನಾಲ್ಕು ಹೆಜ್ಜೆ ದೂರದಲ್ಲಿ ಅಂಗಡಿ ಇಟ್ಟುಕೊಂಡು, ವರ್ಷ ವರ್ಷ ಅದೇ ಬಜೆಟ್ ಪುಸ್ತಕ ಜೆರಾಕ್ಸ್ ಮಾಡಿದವನು ನಾನು.

ಮೂರು ಪ್ರಯತ್ನ, ಮೂರೂ ಠುಸ್

ಹನ್ನೊಂದು ಜನ ಸೇರಿದೆವು. ಪೇಪರ್ ಓದುವ ಇಬ್ಬರು ನಿವೃತ್ತರು, ಪರೀಕ್ಷೆಗೆ ಓದುವ ನಾಲ್ಕು ಮಕ್ಕಳು, ಹೂವು ಮಾರುವ ಒಬ್ಬ ಅಜ್ಜಿ, ಒಂದಿಬ್ಬರು ವ್ಯಾಪಾರಿಗಳು, ಒಬ್ಬ ವಕೀಲರು, ನಾನು. ಮೊದಲು ಎಲ್ಲರೂ ಮಾಡುವುದನ್ನೇ ಮಾಡಿದೆವು. ಮುನ್ನೂರು ಚಿಲ್ಲರೆ ಸಹಿ ಹಾಕಿಸಿ ಮನವಿ ಕೊಟ್ಟು, ಮೆಟ್ಟಿಲ ಮೇಲೆ ನಿಂತು ಫೋಟೋ ತೆಗೆಸಿಕೊಂಡೆವು. ಮನವಿ ಮೇಲೆ ಸ್ವೀಕೃತಿ ಸೀಲು ಬಿತ್ತು. ಅಷ್ಟೇ.

ಎರಡನೆಯದು ಬಜೆಟ್ ಪೂರ್ವಭಾವಿ ಸಭೆ. ಸಾರ್ವಜನಿಕರ ಸಲಹೆ ಕೇಳಲು ಕರೆಯುವ ಸಭೆ ಅದು. ಬರುವವರು ಕಡಿಮೆ, ಬಂದವರೂ ತಮ್ಮ ಬೀದಿಯ ಚರಂಡಿ ಬಗ್ಗೆ ಮಾತಾಡಿ ಹೋಗುತ್ತಾರೆ. ನಾವು ಒಂದು ಉಪಾಯ ಹೊತ್ತುಕೊಂಡು ಹೋಗಿದ್ದೆವು: ಕೇಂದ್ರದ ಹಣಕಾಸು ಆಯೋಗದ ಅನುದಾನ ಬರುತ್ತದಲ್ಲ, ಅದರಲ್ಲಿ ವಾಚನಾಲಯ ರಿಪೇರಿ ಮಾಡಿಸಿ. ನಮ್ಮಲ್ಲಿ ಒಬ್ಬರು ಎದ್ದು ಹೇಳಿಯೂ ಬಿಟ್ಟರು. ಮುಂದಿನ ಸಾಲಿನಲ್ಲಿದ್ದ ಹಿರಿಯ ಸದಸ್ಯರೊಬ್ಬರು ನಕ್ಕರು. ನಗುವ ಹಕ್ಕು ಅವರಿಗಿತ್ತು. ನಮ್ಮಂಥ ಊರುಗಳಿಗೆ 15ನೇ ಹಣಕಾಸು ಆಯೋಗ 2021ರಿಂದ 2026ರ ಅವಧಿಗೆ ಹೇಳಿದ ಅನುದಾನದಲ್ಲಿ ಶೇ 60 ಭಾಗ ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೇ ಕಟ್ಟಿಹಾಕಿದ ದುಡ್ಡು. ಅದನ್ನು ಬೇರೆ ಕಡೆ ತಿರುಗಿಸುವಂತಿಲ್ಲ. ಉಳಿದ ಶೇ 40 ಮುಕ್ತ ಅನುದಾನ, ಆದರೆ ಅದರಿಂದಲೂ ಸಂಬಳ ಕೊಡುವ ಹಾಗಿಲ್ಲ, ಮತ್ತು ಆ ವರ್ಷದ ಅಷ್ಟೂ ರಸ್ತೆಗೆ ಅಂತ ಆಗಲೇ ಹಂಚಿ ಆಗಿತ್ತು. ಅದೇ ಸದಸ್ಯರು ಇನ್ನೊಂದು ಏಟೂ ಕೊಟ್ಟರು. 'ಗ್ರಂಥಾಲಯ ನಮ್ಮ ಕೆಲಸಾನೇ ಅಲ್ಲ ಕಣ್ರೀ. ಸಂವಿಧಾನದ ಪಟ್ಟೀಲೂ ಇಲ್ಲ.'

ಮನೆಗೆ ಬಂದು ನೋಡಿದೆವು. 74ನೇ ತಿದ್ದುಪಡಿಯಲ್ಲಿ ಬಂದ 12ನೇ ಅನುಸೂಚಿಯಲ್ಲಿ ನಗರಾಡಳಿತಗಳಿಗೆ 18 ವಿಷಯ ಕೊಟ್ಟಿದ್ದಾರೆ. ಸ್ಮಶಾನ ಇದೆ, ದನದ ದೊಡ್ಡಿ ಇದೆ, ಬೀದಿ ದೀಪ ಇದೆ, ಸಾರ್ವಜನಿಕ ಶೌಚಾಲಯ ಇದೆ, ಗ್ರಂಥಾಲಯ ಅನ್ನುವ ಪದ ಇಲ್ಲ. ಪಂಚಾಯಿತಿಗಳ 11ನೇ ಅನುಸೂಚಿಯಲ್ಲಿ ಇದೆ. ಹಳ್ಳಿಗೆ ಬರೆದದ್ದನ್ನು ಪೇಟೆಗೆ ಬರೆಯಲು ಯಾಕೆ ಬಿಟ್ಟರೋ. ಇರಲಿ, ಅವರ ಮಾತಿನಲ್ಲಿ ಅರ್ಧ ಸತ್ಯ ಇತ್ತು. ಉಳಿದ ಅರ್ಧ ನನ್ನ ಅಂಗಡಿಯ ಮೇಜಿನ ಮೇಲೇ ಇತ್ತು, ನನಗೆ ಕಂಡಿರಲಿಲ್ಲ.

ಮೂರನೆಯದು ಮಾಹಿತಿ ಹಕ್ಕು ಅರ್ಜಿ. ಸಿಟ್ಟಿನಲ್ಲಿ ಬರೆದ ಅರ್ಜಿ, ಹದಿನಾಲ್ಕು ಪ್ರಶ್ನೆ, ಎರಡು ಪುಟ. ವಾಪಸ್ ಬಂತು. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, ಸಾಮಾನ್ಯವಾಗಿ 150 ಪದ ಮೀರಬಾರದು. ವಕೀಲರು ಜೊತೆಗಿದ್ದೂ ಈ ತಪ್ಪು ಮಾಡಿದೆವು. ಅವರಿಗೆ ಇವತ್ತಿಗೂ ಇದನ್ನು ನೆನಪಿಸಿ ಕಾಡಿಸುತ್ತೇವೆ.

ಅಕ್ಕನ ಪ್ರಶ್ನೆ

ಆ ವಾರ್ಡಿನ ಸದಸ್ಯೆ ಮೊದಲ ಸಲ ಗೆದ್ದವರು. ನಾವೆಲ್ಲ ಅಕ್ಕ ಅನ್ನುತ್ತೇವೆ. ಅವರ ಮನೆಗೆ ಹೋದಾಗ ಟೀ ಕೊಟ್ಟು, ಎಲ್ಲ ಕೇಳಿಸಿಕೊಂಡು, ಒಂದೇ ಪ್ರಶ್ನೆ ಕೇಳಿದರು. 'ತೆರಿಗೆ ಏರಿಸಬೇಡಿ ಅಂತ ಹೋದ ವರ್ಷ ಮನವಿ ಕೊಟ್ಟವರೂ ನೀವೇ. ಸೌಲಭ್ಯ ಕಡಿಮೆ ಮಾಡಬೇಡಿ ಅನ್ನೋರೂ ನೀವೇ. ಎರಡೂ ಹೆಂಗ್ರಪ್ಪಾ? ಅದಿರಲಿ, ನೀವು ಹನ್ನೊಂದು ಜನದಲ್ಲಿ ಎಷ್ಟು ಜನದ್ದು ಕಂದಾಯ ಬಾಕಿ ಇದೆ?'

ಯಾರೂ ಬಾಯಿ ಬಿಡಲಿಲ್ಲ. ದಾರಿಯಲ್ಲಿ ಬರುತ್ತಾ ಒಬ್ಬೊಬ್ಬರೇ ಒಪ್ಪಿಕೊಂಡರು. ಸ್ವಂತ ಮನೆ ಇದ್ದವರು ಆರು ಜನ, ಅದರಲ್ಲಿ ನಾಲ್ವರದ್ದು ಬಾಕಿ. ವಕೀಲರದ್ದು ಮೂರು ವರ್ಷದ್ದು. ಅಲ್ಲಿಯ ತನಕ ನಗರಸಭೆಯನ್ನು ಬೈಯುವುದು ಸುಲಭ ಇತ್ತು.

ಅವತ್ತು ಒಂದು ತೀರ್ಮಾನ ಮಾಡಿದೆವು: ಮೊದಲು ನಮ್ಮ ನಮ್ಮ ಬಾಕಿ ಕಟ್ಟೋಣ, ಆಮೇಲೆ ಮಾತು. ತಡವಾದರೆ ತಿಂಗಳಿಗೆ ಶೇ 2ರಂತೆ ದಂಡ ಬೇರೆ. ವಕೀಲರು ಗೊಣಗುತ್ತಲೇ ಕಟ್ಟಿದರು. ಚಲನ್ ತುಂಬಿದ್ದು ನಾನೇ. ತುಂಬುವಾಗ ವರ್ಷಗಟ್ಟಲೆ ಬರೆದೂ ಬರೆದೂ ಕಣ್ಣಿಗೆ ಕಾಣದಂತಾಗಿದ್ದ ಒಂದು ಸಾಲು ಕಾಣಿಸಿತು. ಗ್ರಂಥಾಲಯ ಕರ.

ಗೊತ್ತಿಲ್ಲದವರಿಗೆ ಹೇಳುತ್ತೇನೆ. ನಿಮ್ಮ ಆಸ್ತಿ ತೆರಿಗೆ ಸಾವಿರ ರೂಪಾಯಿ ಅಂದುಕೊಳ್ಳಿ. ಅದರ ಮೇಲೆ ಶೇ 15 ಆರೋಗ್ಯ ಕರ, 150 ರೂಪಾಯಿ. ಶೇ 6 ಗ್ರಂಥಾಲಯ ಕರ, 60 ರೂಪಾಯಿ. ಶೇ 3 ಭಿಕ್ಷುಕರ ಕರ, 30 ರೂಪಾಯಿ. ಇವು ನಗರಸಭೆಯ ದುಡ್ಡಲ್ಲ. ನಗರಸಭೆ ವಸೂಲಿ ಮಾಡಿ ದಾಟಿಸಬೇಕಾದ ದುಡ್ಡು. ಗ್ರಂಥಾಲಯದ್ದು 1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯ ಪ್ರಕಾರ, ಗ್ರಂಥಾಲಯ ನಡೆಸುವ ಗ್ರಂಥಾಲಯ ಪ್ರಾಧಿಕಾರಕ್ಕೆ ಹೋಗಬೇಕು. ಪೇಪರ್, ಪುಸ್ತಕ, ಬೆಂಚು ಇತ್ಯಾದಿಗೆಲ್ಲ ಅವರಿಗೆ ಮುಖ್ಯ ಆಸರೆ ಇದೇ.

ಅಂದರೆ ಊರಿನವರು ಆಗಲೇ ದುಡ್ಡು ಕೊಟ್ಟಿದ್ದಾರೆ. ರಸೀದಿ ಸಮೇತ. ಅದು ಎಲ್ಲಿ?

'ಬಜೆಟ್ ಬಿಡಿ, ಡಿಸಿಬಿ ನೋಡಿ'

ಎರಡನೇ ಅರ್ಜಿ ನಾಲ್ಕು ಸಾಲಿನದು: ಮೂರು ವರ್ಷದಲ್ಲಿ ವಸೂಲಾದ ಗ್ರಂಥಾಲಯ ಕರ ಎಷ್ಟು, ಪ್ರಾಧಿಕಾರಕ್ಕೆ ಪಾವತಿಸಿದ್ದು ಎಷ್ಟು, ಯಾವ ದಿನ. ಹತ್ತು ರೂಪಾಯಿ ಶುಲ್ಕ. ಮೂವತ್ತನೇ ದಿನ ಉತ್ತರ ಬಂತು. ನೂರು ರೂಪಾಯಿ ವಸೂಲಾಗಿದ್ದರೆ ದಾಟಿಸಿದ್ದು ಇಪ್ಪತ್ತಕ್ಕಿಂತ ಕಡಿಮೆ. ಉಳಿದದ್ದು ಬಾಕಿ.

ಆಗ ಇಡೀ ಸುತ್ತು ಅರ್ಥವಾಯಿತು. ಕರ ದಾಟಲಿಲ್ಲ, ಹಾಗಾಗಿ ಶಾಖೆಗೆ ಪೇಪರ್ ಕಡಿಮೆಯಾಯಿತು. ವಾಚನಾಲಯದ ಇಳಿಜಾರು ಮರದ ಸ್ಟ್ಯಾಂಡ್ ನೋಡಿದ್ದೀರಲ್ಲ, ಪೇಪರ್ ಹಾರದಂತೆ ನಡುವೆ ಕಬ್ಬಿಣದ ಸರಳು ಇರುವಂಥದ್ದು. ಅಲ್ಲಿ ಎಂಟು ಸರಳು ಇದ್ದವು, ಪೇಪರ್ ಇದ್ದದ್ದು ಮೂರಕ್ಕೆ. ಉಳಿದ ಸರಳು ಖಾಲಿ ಹಲಗೆಯನ್ನು ಹಿಡಿದುಕೊಂಡು ನಿಂತಿದ್ದವು. ಹಿರಿಯರು ಒಂದೇ ಪೇಪರನ್ನು ಬಿಡಿ ಹಾಳೆ ಮಾಡಿ ಹಂಚಿಕೊಂಡು ಓದುತ್ತಿದ್ದರು, ಕ್ರೀಡಾಪುಟಕ್ಕೆ ಕಾಯಬೇಕಿತ್ತು. ಪೇಪರ್ ಇಲ್ಲ ಅಂತ ಜನ ಬರುವುದು ಬಿಟ್ಟರು. ಜನ ಬರುವುದಿಲ್ಲ ಅಂತ ಕಟ್ಟಡ ಕೆಡವುವ ಪ್ರಸ್ತಾವ ಬಂತು. ಕರ ದಾಟಿಸದವರೂ ಪ್ರಸ್ತಾವ ತಂದವರೂ ಒಬ್ಬರೇ. ಇದನ್ನು ಯಾರೋ ಕೂತು ಹೂಡಿದ ಸಂಚು ಅಂತ ನಾನು ಹೇಳುವುದಿಲ್ಲ. ತಿಂಗಳ ಕೊನೆಗೆ ಖಾತೆಯಲ್ಲಿರುವ ದುಡ್ಡಲ್ಲಿ ಕೂಗಾಡುವವರಿಗೆ ಮೊದಲು ಕೊಡುತ್ತಾರೆ, ಸುಮ್ಮನಿರುವವರಿಗೆ ಆಮೇಲೆ. ಗ್ರಂಥಾಲಯ ಸುಮ್ಮನಿತ್ತು.

ನಗರಸಭೆಯ ಲೆಕ್ಕ ವಿಭಾಗದಲ್ಲಿದ್ದ ಒಬ್ಬರು ದಿನಾ ನನ್ನ ಅಂಗಡಿಗೆ ಜೆರಾಕ್ಸಿಗೆ ಬರುತ್ತಿದ್ದರು. ಜಾಸ್ತಿ ಮಾತಿಲ್ಲ. ಒಂದು ದಿನ ನಾನು ಬಜೆಟ್ ಪುಸ್ತಕದ ಮೇಲೆ ಗೀಟು ಹಾಕುತ್ತಾ ಕೂತಿದ್ದನ್ನು ನೋಡಿ, 'ಅಣ್ಣಾ, ಬಜೆಟ್ ಬಿಡಿ, ಡಿಸಿಬಿ ನೋಡಿ' ಅಂದು, ಚಿಲ್ಲರೆ ತಗೊಂಡು ಹೋದರು.

ಡಿಸಿಬಿ ಅಂದರೆ ಬೇಡಿಕೆ, ವಸೂಲಿ, ಬಾಕಿಯ ಪಟ್ಟಿ. ಎಷ್ಟು ಬರಬೇಕು, ಎಷ್ಟು ಬಂತು, ಎಷ್ಟು ನಿಂತಿದೆ. ಬಜೆಟ್ ಪುಸ್ತಕದಲ್ಲಿ ಮುಂದಿನ ವರ್ಷದ ಅಂದಾಜಿನ ಪಕ್ಕದಲ್ಲೇ ಹಿಂದಿನ ವರ್ಷದ ನೈಜ ಲೆಕ್ಕದ ಕಾಲಂ ಇರುತ್ತದೆ. ಎಲ್ಲರೂ ಓದುವುದು ಅಂದಾಜಿನದನ್ನೇ. ಮೂರು ವರ್ಷದ ಪುಸ್ತಕ ಹರಡಿಕೊಂಡು, ಡಿಸಿಬಿ ಪಕ್ಕದಲ್ಲಿಟ್ಟುಕೊಂಡು ಕೂತಾಗ ಉಳಿತಾಯ ಎಲ್ಲಿಂದ ಬರುತ್ತದೆ ಅಂತ ತಿಳಿಯಿತು. ತೆರಿಗೆ, ಬಾಡಿಗೆ ಎಲ್ಲ ಸೇರಿ ನೂರು ಬರುತ್ತದೆ ಅಂತ ಬರೆಯುತ್ತಾರೆ. ಖರ್ಚು ತೊಂಬತ್ತೈದು ಬರೆಯುತ್ತಾರೆ. ಐದು ಉಳಿತಾಯ, ಚಪ್ಪಾಳೆ. ವರ್ಷದ ಕೊನೆಗೆ ಬಂದದ್ದು ಐವತ್ತೈದು. ಇನ್ನು ನಲವತ್ತು ಎಲ್ಲಾದರೂ ಕಡಿತ ಆಗಲೇಬೇಕಲ್ಲ. ಸಂಬಳ ನಿಲ್ಲಿಸುವ ಹಾಗಿಲ್ಲ. ಕರೆಂಟ್ ಬಿಲ್ ಕಟ್ಟದಿದ್ದರೆ ನೀರಿನ ಪಂಪು ನಿಲ್ಲುತ್ತದೆ. ಗುತ್ತಿಗೆದಾರರು ಬಾಗಿಲಲ್ಲೇ ಕೂರುತ್ತಾರೆ. ಉಳಿದದ್ದು ನಿರ್ವಹಣೆ. ಶೌಚಾಲಯದ ಪಂಪು, ವಾಚನಾಲಯದ ಫ್ಯಾನು, ಪಾರ್ಕಿನ ಗೇಟು. ಈ ಕಡಿತಕ್ಕೆ ಯಾವ ಸಭೆಯಲ್ಲೂ ಮತ ಹಾಕಿರುವುದಿಲ್ಲ, ಯಾವ ಠರಾವಿನಲ್ಲೂ ಇರುವುದಿಲ್ಲ, ಬಿಲ್ ಪಾಸಾಗದೆ ಸುಮ್ನೆ ಬಿದ್ದಿರುತ್ತದೆ ಅಷ್ಟೇ. ನಾವು ಜನವರಿಯಿಂದ ಬಜೆಟ್ಟಿನ ಅಂಕಿಗೆ ಜಗಳ ಆಡುತ್ತಿದ್ದೆವು. ಆ ಅಂಕಿ ಹೆಚ್ಚು ಮಾಡಿಸಿದ್ದರೂ ಪಂಪು ರಿಪೇರಿ ಆಗುತ್ತಿರಲಿಲ್ಲ.

ಇನ್ನೊಂದು ಸಾಲು ಕಂಡದ್ದು ಆವಾಗಲೇ. ಮಳಿಗೆ ಬಾಡಿಗೆ. ಬರಬೇಕಾದ ನೂರರಲ್ಲಿ ಬಂದದ್ದು ನಲವತ್ತರ ಆಸುಪಾಸು. ಎಷ್ಟೋ ಮಳಿಗೆಗಳ ಅವಧಿ ಮುಗಿದು ವರ್ಷಗಳಾಗಿದ್ದವು, ಮರುಹರಾಜು ಆಗಿರಲಿಲ್ಲ, ಹಳೇ ಬಾಡಿಗೆಯೇ ನಡೆಯುತ್ತಿತ್ತು. ಇರುವ ಮಳಿಗೆಯ ಬಾಡಿಗೆಯೇ ಬರುತ್ತಿಲ್ಲ, ಅಂಥದ್ದರಲ್ಲಿ ವಾಚನಾಲಯ ಕೆಡವಿ ಹೊಸ ಮಳಿಗೆ! ಇದಕ್ಕಿಂತ ಗಟ್ಟಿ ವಾದ ಬೇಕಾ? ಎಲ್ಲರೂ ಕುಣಿದಾಡಿದರು.

ನಾನು ಕುಣಿಯಲಿಲ್ಲ.

ನನ್ನ ಅಂಗಡಿಯ ವಿಷಯ

ಹೇಳಿದ್ದೆನಲ್ಲ, ನನ್ನ ಅಂಗಡಿ ನಗರಸಭೆ ಮಳಿಗೆಯಲ್ಲಿ ಇದ್ದದ್ದು ಅಂತ. ಆದರೆ ಮಳಿಗೆ ನನ್ನ ಹೆಸರಿನಲ್ಲಿ ಇರಲಿಲ್ಲ. ಎಂದೋ ಹರಾಜಿನಲ್ಲಿ ಹಿಡಿದ ಒಬ್ಬರ ಹೆಸರಿನಲ್ಲಿತ್ತು. ಅವರು ನಗರಸಭೆಗೆ ಹತ್ತು ರೂಪಾಯಿ ಕಟ್ಟಿದರೆ ನಾನು ಅವರಿಗೆ ಅರವತ್ತು ಕೊಡುತ್ತಿದ್ದೆ. ಒಳಬಾಡಿಗೆ. ಕಾಗದ ಪತ್ರ ಏನೂ ಇಲ್ಲ. ನಮ್ಮ ಸಾಲಿನಲ್ಲಿ ಬಹಳ ಮಂದಿಯದ್ದು ಇದೇ ಕಥೆ, ಯಾವ ಊರಲ್ಲಿ ಇಲ್ಲ ಹೇಳಿ. ಆ ಐವತ್ತು ರೂಪಾಯಿ ನಗರಸಭೆಗೆ ಬರಬೇಕಾದದ್ದು, ನಡುವೆ ಒಬ್ಬರ ಜೇಬಿಗೆ ಹೋಗುತ್ತಿತ್ತು, ಮತ್ತು ಅದನ್ನು ತಿಂಗಳ ಐದನೇ ತಾರೀಖು ಎಣಿಸಿ ಕೊಡುತ್ತಿದ್ದವನು ನಾನು.

ಮಳಿಗೆ ವಿಷಯ ಎತ್ತಿದರೆ ಮೊದಲು ಬೀಳುವುದು ನನ್ನ ಬಾಗಿಲು. ಮೂರು ದಿನ ಯಾರಿಗೂ ಹೇಳಲಿಲ್ಲ. ಮಳಿಗೆ ಮಾತು ಬಿಡೋಣ, ಗ್ರಂಥಾಲಯ ಕರ ಒಂದೇ ಸಾಕು ಅಂತ ಗುಂಪಿನಲ್ಲಿ ವಾದ ಮಾಡಿಯೂ ನೋಡಿದೆ. ದನಿಯಲ್ಲೇ ಗೊತ್ತಾಗಿರಬೇಕು. ಹೂವಿನ ಅಜ್ಜಿ ಮಾತ್ರ ಸೀದಾ ಕೇಳಿದರು. 'ಯಾಕಪ್ಪಾ, ನಿಂಗೇನು ತೊಂದ್ರೆ?' ನಾನು ಹೇಳಿದೆ. ಅವರು ಒಂದು ಗಳಿಗೆ ಸುಮ್ಮನಿದ್ದು, ತಮ್ಮ ವಿಷಯ ಹೇಳಿದರು. ಶೌಚಾಲಯಕ್ಕೆ ಬೀಗ ಬಿದ್ದಾಗಿನಿಂದ ಅವರು ಮಾರುಕಟ್ಟೆಗೆ ಬಂದ ಮೇಲೆ ಮಧ್ಯಾಹ್ನದ ತನಕ ನೀರೇ ಕುಡಿಯುತ್ತಿರಲಿಲ್ಲ. 'ಕುಡುದ್ರೆ ಎಲ್ಲಿಗೋಗ್ಲಿ?' ಬೈಯಲಿಲ್ಲ, ಬುದ್ಧಿ ಹೇಳಲಿಲ್ಲ. ಬಾಳೆಲೆಯಲ್ಲಿ ಉಳಿದ ಹೂವು ಕಟ್ಟುತ್ತಾ ಹೇಳಿದರು ಅಷ್ಟೇ.

ಮಳಿಗೆ ವಿಷಯ ಎತ್ತುವುದು ಅಂತ ಆಯಿತು. ನನ್ನದನ್ನೂ ಸೇರಿಸಿ.

ಇನ್ನೊಂದು ತಿರುವು ಇದರ ಹಿಂದೆಯೇ ಬಂತು. ಗುಂಪಿನಲ್ಲಿ ಅರ್ಧ ಜನ ಕರದ ಸುದ್ದಿಯನ್ನು ಸೀದಾ ಪೇಪರಿಗೆ ಕೊಡೋಣ ಅಂದರು. ಉಳಿದವರು ಮೊದಲು ಪೌರಾಯುಕ್ತರಿಗೆ ತೋರಿಸೋಣ ಅಂದರು. ಎರಡು ಸಂಜೆ ಜಗಳ ಆಯಿತು. ನಾನು ಎರಡನೆಯದರ ಕಡೆ ಇದ್ದೆ, ಧೈರ್ಯ ಕಡಿಮೆ ಅಂತಲೇ ಇರಬಹುದು. ಒಬ್ಬ ಹುಡುಗ ನಮ್ಮನ್ನು ಅಧಿಕಾರಿಗಳ ಚೇಲಾಗಳು ಅಂತ ಬೈದು ಗುಂಪು ಬಿಟ್ಟ. ಪೌರಾಯುಕ್ತರಿಗೆ ಒಂದು ವಾರದ ಗಡುವು ಇಟ್ಟುಕೊಂಡು ಹೋದೆವು. ಅವರು ನಮ್ಮ ಹಾಳೆ ನೋಡಿ, ಕಪಾಟಿನಿಂದ ಒಂದು ಫೈಲು ತೆಗೆದು, ತಮ್ಮ ಕಡೆಗೇ ತಿರುಗಿಸಿ ಇಟ್ಟುಕೊಂಡು ಹೇಳಿದರು: 'ಆಡಿಟ್‌ನವರೂ ಇದನ್ನೇ ಬರೆದಿದ್ದಾರೆ. ನೀವು ಲಿಖಿತವಾಗಿ ಕೊಡಿ, ನನಗೆ ಅನುಕೂಲ.'

ಎದುರಾಳಿ ಅಂತ ಹೋದವರಿಗೆ ಇದು ನಿಜಕ್ಕೂ ಹೊಸದು. ಕರ ದಾಟಿಸಬೇಕು, ಮಳಿಗೆ ಹರಾಜು ಹಾಕಬೇಕು ಅಂತ ಅವರಿಗೂ ಇತ್ತು. ಮಳಿಗೆ ಹಿಡಿದವರ ಪರವಾಗಿ ಸದಸ್ಯರೇ ನಿಲ್ಲುತ್ತಿದ್ದುದರಿಂದ ಒಬ್ಬರೇ ಏನೂ ಮಾಡಲಾಗುತ್ತಿರಲಿಲ್ಲ. ಜನರ ಕಡೆಯಿಂದ ಒಂದು ಕಾಗದ ಅವರಿಗೆ ಬೇಕಾಗಿತ್ತು. ಶೌಚಾಲಯದ ದಾರಿಯನ್ನೂ ಅವರೇ ತೋರಿಸಿದರು. ಹಣಕಾಸು ಆಯೋಗದ ದುಡ್ಡು ವಾಚನಾಲಯಕ್ಕೆ ಬರುವುದಿಲ್ಲ, ಆದರೆ ಶೌಚಾಲಯ ನೈರ್ಮಲ್ಯವೇ ಅಲ್ಲವೇ? ಕಟ್ಟಿಹಾಕಿದ ಆ ಶೇ 60ರಲ್ಲೇ ಕ್ರಿಯಾ ಯೋಜನೆಗೆ, ಅಂದರೆ ಆ ದುಡ್ಡಲ್ಲಿ ಮಾಡುವ ಕೆಲಸಗಳ ಪಟ್ಟಿಗೆ, ಸೇರಿಸಬಹುದು. ಪೂರ್ವಭಾವಿ ಸಭೆಯಲ್ಲಿ ನಗಿಸಿಕೊಂಡಿದ್ದ ಅದೇ ಅನುದಾನ. ನಾವು ಒಂದೇ ಕಟ್ಟಡ ಅಂತ ಎರಡನ್ನೂ ಕೂಡಿಸಿ ಒಂದೇ ಬಾಗಿಲು ತಟ್ಟುತ್ತಿದ್ದೆವು. ದುಡ್ಡು ಇದ್ದದ್ದು ಎರಡು ಬೇರೆ ಚೀಲದಲ್ಲಿ.

ಬಜೆಟ್ ಸಭೆ ಮತ್ತು ಆಮೇಲೆ

ಮಾರ್ಚಿನ ಸಭೆಯಲ್ಲಿ ಅಕ್ಕ ಮಾತಾಡಿದರು. ಉದ್ದ ಭಾಷಣ ಇಲ್ಲ. ಕೈಯಲ್ಲಿ ತೆರಿಗೆ ರಸೀದಿ ಹಿಡಿದು, ಗ್ರಂಥಾಲಯ ಕರದ ಸಾಲು ಓದಿ, 'ಇದು ಎಲ್ಲಿ ಹೋಯ್ತು ಅಂತ ನಮ್ಮ ವಾರ್ಡಿನೋರು ಕೇಳ್ತಿದಾರೆ, ಏನು ಹೇಳ್ಲಿ?' ಅಂದರು. ಆಮೇಲೆ ಮಳಿಗೆ ಬಾಡಿಗೆಯ ಡಿಸಿಬಿ ಓದಿದರು. ಹಿರಿಯ ಸದಸ್ಯರು ಎದ್ದು ನಿಂತು, ಗ್ರಂಥಾಲಯ ನಮ್ಮ ಕೆಲಸ ಅಲ್ಲ ಅನ್ನುವ ಮಾತನ್ನೇ ಮತ್ತೆ ಎತ್ತಿದರು. 'ನಡೆಸೋದು ನಮ್ಮ ಕೆಲಸ ಅಲ್ಲ ಸಾರ್, ಅವರ ದುಡ್ಡು ಅವರಿಗೆ ಕೊಡೋದು ನಮ್ಮ ಕೆಲಸ' ಅಂದರು ಅಕ್ಕ. ಪ್ರೇಕ್ಷಕರ ಕುರ್ಚಿಯಲ್ಲಿ ಕೂತಿದ್ದ ನಮಗೆ ಚಪ್ಪಾಳೆ ಹೊಡೆಯುವ ಹಾಗಿರಲಿಲ್ಲ. ವಕೀಲರು ತೊಡೆ ತಟ್ಟಿಕೊಂಡರು.

ನಡವಳಿಯಲ್ಲಿ ಬರೆದದ್ದು: ಕಟ್ಟಡ ಕೆಡವುವ ಪ್ರಸ್ತಾವ ಆ ಸಾಲಿಗೆ ಕೈಬಿಡುವುದು. ಗ್ರಂಥಾಲಯ ಕರದ ಬಾಕಿ ನಾಲ್ಕು ಕಂತಿನಲ್ಲಿ ಪಾವತಿಸುವುದು. ಅವಧಿ ಮುಗಿದ ಮಳಿಗೆಗಳ ಮರುಹರಾಜು. ಶೌಚಾಲಯ ದುರಸ್ತಿ ಕ್ರಿಯಾ ಯೋಜನೆಯಲ್ಲಿ. 'ಆ ಸಾಲಿಗೆ', ಅಂದರೆ ಆ ಒಂದು ವರ್ಷಕ್ಕೆ ಮಾತ್ರ, ಅನ್ನುವ ಪದವನ್ನು ನಾವು ಆವತ್ತು ಗಮನಿಸಲಿಲ್ಲ, ಖುಷಿಯಲ್ಲಿದ್ದೆವು. ಗಮನಿಸಬೇಕಿತ್ತು.

ನಾಲ್ಕು ಕಂತಿನಲ್ಲಿ ಎರಡು ಬಂದವು. ಸ್ಟ್ಯಾಂಡಿನಲ್ಲಿ ಈಗ ಆರು ಪೇಪರ್. ಎರಡನೇ ಫ್ಯಾನೂ ತಿರುಗುತ್ತದೆ, ಸದ್ದು ಮಾಡುತ್ತಾ. ಉಳಿದ ಎರಡು ಕಂತು ಕೇಳುವಷ್ಟರಲ್ಲಿ ಸದಸ್ಯರ ಅವಧಿ ಮುಗಿದು ಆಡಳಿತಾಧಿಕಾರಿ ಬಂದಿದ್ದರು, ಪೌರಾಯುಕ್ತರಿಗೆ ವರ್ಗವಾಗಿತ್ತು, ಡಿಸಿಬಿ ಅಂದವರೂ ಬೇರೆ ಊರಿಗೆ ಹೋಗಿದ್ದರು. ಹೊಸಬರಿಗೆ ಮೊದಲಿಂದ ಹೇಳಬೇಕು. ಶೌಚಾಲಯ ಆಗಸ್ಟಿನಲ್ಲಿ ತೆರೆಯಿತು. ನೀರು ಬರುತ್ತದೆ. ಆದರೆ ನೋಡಿಕೊಳ್ಳುವವರು ಸಂಜೆ ಆರಕ್ಕೆ ಬೀಗ ಹಾಕುತ್ತಾರೆ, ಹೂವಿನ ವ್ಯಾಪಾರ ಎಂಟರ ತನಕ. ಕ್ರಿಯಾ ಯೋಜನೆಯಲ್ಲಿ ಪಂಪು, ಪೈಪು, ಟೈಲ್ಸ್ ಎಲ್ಲ ಇತ್ತು. ಬೀಗದ ಕೈ ಯಾರ ಹತ್ತಿರ, ಎಷ್ಟು ಗಂಟೆಯವರೆಗೆ ಅಂತ ಇರಲಿಲ್ಲ. ನಮಗೂ ಹೊಳೆಯಲಿಲ್ಲ.

ಮಳಿಗೆ ಹರಾಜು ಅರ್ಧ ಆಯಿತು. ಕೆಲವರು ಕೋರ್ಟಿಗೆ ಹೋಗಿ ತಡೆಯಾಜ್ಞೆ ತಂದರು. ಹರಾಜಾದ ಮಳಿಗೆಗಳ ಬಾಡಿಗೆ ಹಳೆಯದರ ಮೂರು ನಾಲ್ಕು ಪಟ್ಟು ಏರಿತು. ಕಟ್ಟಡ ಕೆಡವಿ ಹೊಸದು ಕಟ್ಟುವುದಕ್ಕೆ ಮೊದಲೇ, ಇಟ್ಟಿಗೆ ಒಂದು ಇಡದೆ ಬಂದ ಆದಾಯ ಅದು. ನನ್ನ ಮಳಿಗೆ ಹಿಡಿದಿದ್ದವರು ಹರಾಜಿಗೂ ಮೊದಲೇ ನನ್ನನ್ನು ಖಾಲಿ ಮಾಡಿಸಿದರು. 'ಉಂಡ ಮನೆಯ ಜಂತೆ ಎಣಿಸ್ತೀಯಾ' ಅಂದರು. ಅವರ ದೃಷ್ಟಿಯಲ್ಲಿ ಅದು ಸರಿಯೇ. ಹರಾಜಿನಲ್ಲಿ ಕೂಗಿದೆ, ಕೈಗೆ ಎಟುಕಲಿಲ್ಲ.

ಮತ್ತೆ ಮಾಡುವುದಿದ್ದರೆ

ಬೇರೆ ಊರಿನವರು ಕೇಳುತ್ತಿರುತ್ತಾರೆ, ಎಲ್ಲಿಂದ ಶುರು ಮಾಡಬೇಕು ಅಂತ. ಜನವರಿ ತಡ. ಕರಡು ಕೈಗೆ ಬರುವಷ್ಟರಲ್ಲಿ ಒಳಗಿನ ಹಂಚಿಕೆ ಮುಗಿದಿರುತ್ತದೆ, ಕ್ರಿಯಾ ಯೋಜನೆ ಬೇರೆ ದಾರಿಯಲ್ಲಿ ಹೋಗಿರುತ್ತದೆ. ನಾನಾದರೆ ಈಗ ಅಕ್ಟೋಬರಿನಲ್ಲೇ ಡಿಸಿಬಿ ಕೇಳುತ್ತೇನೆ, ಅರ್ಧ ವರ್ಷದ ವಸೂಲಿ ನೋಡಿದರೆ ಮಾರ್ಚಿನಲ್ಲಿ ಏನು ಕಡಿತ ಆಗುತ್ತದೆ ಅಂತ ಹೆಚ್ಚು ಕಮ್ಮಿ ಗೊತ್ತಾಗುತ್ತದೆ. ಒಂದು ಅರ್ಜಿಗೆ ಒಂದೇ ಪ್ರಶ್ನೆ. ಯಾವ ಸೇವೆ ಉಳಿಸಬೇಕೋ ಅದರ ದುಡ್ಡು ಯಾವ ಚೀಲದಲ್ಲಿದೆ ಅಂತ ಮೊದಲು ಪತ್ತೆ ಮಾಡುತ್ತೇನೆ, 'ಅನುದಾನ ಕೊಡಿ' ಅಂತ ಗಾಳಿಯಲ್ಲಿ ಕೇಳುವುದಿಲ್ಲ. ಠರಾವಿನಲ್ಲಿ ಕಂತಿನ ತಾರೀಖು ಬರೆಸುತ್ತೇನೆ. ಸಹಿ ಸಂಗ್ರಹ? ಅದು ಬೇಡ ಅನ್ನುವುದಿಲ್ಲ, ಜನ ಸೇರುವುದು ಅದರಿಂದಲೇ. ಆದರೆ ಅದನ್ನು ಕೊಟ್ಟು ಕೆಲಸ ಮುಗಿಯಿತು ಅಂದುಕೊಂಡು ನಾವು ಆರು ವಾರ ಕಳೆದೆವು.

ಗುಂಪು ಬಿಟ್ಟು ಹೋದ ಹುಡುಗನ ಬಗ್ಗೆ ನನಗೆ ಇನ್ನೂ ಒಂದು ಅನುಮಾನ ಉಳಿದಿದೆ. ಪೇಪರಿಗೆ ಕೊಟ್ಟಿದ್ದರೆ ನಾಲ್ಕೂ ಕಂತು ಬರುತ್ತಿತ್ತೋ ಏನೋ. ಅಧಿಕಾರಿ ಬದಲಾದ ಮೇಲೂ ಸುದ್ದಿ ಉಳಿಯುತ್ತಿತ್ತು. ಅಥವಾ ಪೌರಾಯುಕ್ತರು ಆ ಫೈಲು ತೆಗೆಯದೆಯೇ ಇರುತ್ತಿದ್ದರು. ಅವನು ಈಗ ಸರ್ಕಾರಿ ಕೆಲಸದಲ್ಲಿದ್ದಾನೆ. ಅದೇ ವಾಚನಾಲಯದಲ್ಲಿ ಓದಿದವನು. ಸಿಕ್ಕಿದಾಗ ಮಾತಾಡಿಸುತ್ತಾನೆ, ಈ ವಿಷಯ ಮಾತ್ರ ಇಬ್ಬರೂ ಎತ್ತುವುದಿಲ್ಲ.

ನನ್ನ ಅಂಗಡಿ ಈಗ ಹಿಂದಿನ ರಸ್ತೆಯಲ್ಲಿದೆ, ಖಾಸಗಿ ಕಟ್ಟಡ, ಬಾಡಿಗೆ ಜಾಸ್ತಿ, ಗಿರಾಕಿ ಕಡಿಮೆ. ಏಪ್ರಿಲ್‌ನಲ್ಲಿ ಮಾತ್ರ ಹುಡುಕಿಕೊಂಡು ಬರುತ್ತಾರೆ. ಫಾರಂ ತುಂಬಿಕೊಟ್ಟು, ಗ್ರಂಥಾಲಯ ಕರದ ಸಾಲಿನ ಕೆಳಗೆ ಪೆನ್ಸಿಲ್‌ನಲ್ಲಿ ಒಂದು ಗೀಟು ಎಳೆದು ಕೊಡುತ್ತೇನೆ. ಕೆಲವರು ಇದೇನು ಅಂತ ಕೇಳುತ್ತಾರೆ. ಜಾಸ್ತಿ ಜನ ಮಡಚಿ ಜೇಬಿಗೆ ಇಟ್ಟುಕೊಂಡು, ಚಿಲ್ಲರೆ ತಗೊಂಡು ಹೋಗುತ್ತಾರೆ.